ಕೈ ಹಿಂದೆ ಕಟ್ಟಿಕೊಂಡು ಫೋನ್ ಕಲಿಸಿದವರು

ಅವರು ಯಾರ ಫೋನನ್ನೂ ತಮ್ಮ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. "ಅಣ್ಣಾ, ಇದೇನೋ ಆಗ್ಯಾದ ನೋಡ್ರಿ" ಎಂದು ಯಾರಾದರೂ ಫೋನ್ ಮುಂದೆ ಚಾಚಿದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಕನ್ನಡಕದ ಮೇಲಿನಿಂದ ಪರದೆ ನೋಡಿ, "ಮ್ಯಾಲಿಂದ ಕೆಳಗ ಎಳಿ. ನಿನ್ನ ಬೆರಳಿಲೆ ಎಳಿ. ನಾ ಒತ್ತಿದ್ರ ನನಗ ಬರ್ತದ, ನೀ ಒತ್ತಿದ್ರ ನಿನಗ ಬರ್ತದ" ಎನ್ನುತ್ತಿದ್ದರು. ಎಷ್ಟು ತಡವಾದರೂ ಸರಿ, ಆ ಕೈಗಳು ಬೆನ್ನಿನಿಂದ ಮುಂದಕ್ಕೆ ಬರುತ್ತಿರಲಿಲ್ಲ.

ಈ ಒಳ್ಳೆಯ ಮಾತನ್ನು ಮೊದಲೇ ಆಡಿ ಮುಗಿಸಿದ್ದೇನೆ. ಮುಂದಿನದು ಅಷ್ಟು ಒಳ್ಳೆಯದಲ್ಲ. ತೀರಿಹೋದವರನ್ನು ಹೊಗಳುವ ಜನ ಬೇಕಾದಷ್ಟಿದ್ದಾರೆ, ಅವರು ಹೊಗಳಲಿ. ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ಹಲ್ಲು ಕಚ್ಚಿಕೊಂಡು ಕಾದವಳು. ಸೇಡಿಗಾಗಿಯೇ ಬರೆಯುತ್ತಿದ್ದೇನೆ, ಮುಚ್ಚಿಟ್ಟು ಏನಾಗಬೇಕು? ಅವರ ಹೆಸರು ಮಾತ್ರ ಬರೆಯುವುದಿಲ್ಲ. ಅವರ ಹೆಂಡತಿ ನನಗೇನೂ ಮಾಡಿಲ್ಲ.

ಪಿಂಪಳಗಾಂವ್ ಬಸವಂತದ ಹೊರಗೆ ಹೈವೇ ಬದಿಯಲ್ಲಿ ಒಂದು ದ್ರಾಕ್ಷಿ ಶೆಡ್. ಸುತ್ತಲಿನ ತೋಟಗಳಿಂದ ದ್ರಾಕ್ಷಿ ಬರುತ್ತದೆ, ನಲವತ್ತು ಹೆಂಗಸರು ಉದ್ದನೆಯ ಮೇಜುಗಳ ಮುಂದೆ ನಿಂತು ಕೆಟ್ಟ ಕಾಯಿ ಕತ್ತರಿಸಿ ತೆಗೆದು ಡಬ್ಬಿಗೆ ತುಂಬುತ್ತಾರೆ, ಡಬ್ಬಿಗಳು ಥಂಡಿ ಕೋಣೆಗೆ ಹೋಗುತ್ತವೆ, ಅಲ್ಲಿಂದ ಕಂಟೇನರ್ ಹತ್ತಿ ಪರದೇಶಕ್ಕೆ. ಅವರು ಅಲ್ಲಿ ಸೂಪರ್‌ವೈಸರ್. ನಾನು ಡಬ್ಬಿಗೆ ಹಚ್ಚುವ ಸ್ಟಿಕರ್ ಮುದ್ರಿಸುವ ಮಷೀನಿನ ಮುಂದೆ ಕೂರುವವಳು. ನಾಸಿಕ್‌ನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವರು ಭಾಲ್ಕಿ ಕಡೆಯವರು, ನಾನು ಹುಮನಾಬಾದ್ ಕಡೆಯವಳು. ಇಡೀ ಶೆಡ್ಡಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಉಳಿದವರೊಡನೆ ಆಡಿದ್ದೆಲ್ಲ ಮರಾಠಿ, ಅದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಹಾರಾಷ್ಟ್ರದಲ್ಲಿರುವ ನಮ್ಮ ಮಂದಿಗೆ ಒಂದು ಚಾಳಿ ಇದೆ. ಮನೆ ಮಾಲೀಕನ ಮುಂದೆ, ಬಸ್ಸಿನಲ್ಲಿ, ಸಂತೆಯಲ್ಲಿ, ಗುಟ್ಟಿನ ಮಾತು ಬಂತೆಂದರೆ ಥಟ್ಟನೆ ಕನ್ನಡಕ್ಕೆ ಹೊರಳುತ್ತೇವೆ. ದನಿ ತಗ್ಗಿಸುವುದೂ ಇಲ್ಲ. ಕನ್ನಡ ನಮಗೆ ಬಾಗಿಲು ಮುಚ್ಚಿದ ಕೋಣೆ. ನಾವಿಬ್ಬರೂ ಹಾಗೆಯೇ. ಸಾಹೇಬರು, ಅಂದರೆ ಶೆಡ್ಡಿನ ಮಾಲೀಕರು, ಪಕ್ಕದಲ್ಲೇ ನಿಂತಿರುವಾಗ ಇವರು ನಗುತ್ತಾ, "ಇವತ್ತ ಸಾಹೇಬರ ಮಾರಿ ಹುಳಿ ದ್ರಾಕ್ಷಿ ಆಗ್ಯಾದ ನೋಡ್ ತಂಗೀ" ಎನ್ನುತ್ತಿದ್ದರು. ನಾನು ನಗು ತಡೆಯಲಾರದೆ ಮಷೀನಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ. ನನಗೆ ಮೆಸೇಜು ಬರೆಯುವುದೂ ಕನ್ನಡ ಅಕ್ಷರದಲ್ಲೇ. ಎಷ್ಟು ಹೆಮ್ಮೆಪಡುತ್ತಿದ್ದೆ ನಾನು ಅದಕ್ಕೆ! ಹುಚ್ಚಿ.

ಫೋನಿನ ವಿಷಯದಲ್ಲಿ ಅವರದು ಬೇರೆಯೇ ತಲೆ. ಹೊಸ ಫೋನ್ ಕೊಳ್ಳುವವರನ್ನು ಕಂಡರೆ ನಗುತ್ತಿದ್ದರು. "ಇದ್ದದ್ದರಾಗ ಮುಕ್ಕಾಲು ನೀವು ತೆರೆದು ನೋಡಿಲ್ಲ, ಇನ್ನೊಂದು ಯಾಕ್ ಬೇಕು?" ತಿಂಗಳ ಮೊದಲ ದಿನ ಊಟದ ಹೊತ್ತಿನಲ್ಲಿ ತಮ್ಮ ಫೋನಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದರು, ಹೆಂಗಸರು ಅಕ್ಕಿ ಆರಿಸಿದ ಹಾಗೆ. ಬೇಡದ್ದನ್ನು ಮುಚ್ಚುವುದು, ಬೇಕಾದ್ದನ್ನು ತೆರೆಯುವುದು. ಒಂದು ತಿಂಗಳೂ ತಪ್ಪಿಸಿದ್ದನ್ನು ನಾನು ಕಾಣೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಥಂಡಿ ಕೋಣೆಯ ಮಷೀನುಗಳ ಗದ್ದಲದಲ್ಲಿ ಹೆಂಗಸರಿಗೆ ಫೋನಿನ ಗಂಟೆ ಕೇಳುತ್ತಿರಲಿಲ್ಲ. ಮನೆಯಲ್ಲಿ ಕೂಸಿಗೆ ಜ್ವರ ಬಂದರೂ ಗೊತ್ತಾಗುತ್ತಿದ್ದದ್ದು ಸಂಜೆಗೆ. ಕರೆ ಬಂದಾಗ ಬ್ಯಾಟರಿ ದೀಪ ಮಿನುಗುವ ಹಾಗೆ ಮಾಡಬಹುದು ಎಂದು ತೋರಿಸಿದವರು ಇವರೇ. ಕಿವಿ ಕೇಳದವರಿಗಾಗಿ ಇಟ್ಟ ಸೌಲಭ್ಯವಂತೆ. ಅಂದಿನಿಂದ ಮೇಜಿನ ಮೇಲೆ ಬೋರಲು ಹಾಕಿಟ್ಟ ಫೋನುಗಳು ಅಲ್ಲೊಂದು ಇಲ್ಲೊಂದು ಮಿನುಗುತ್ತಿದ್ದವು. ಆ ಮೇಜಿನ ಹಿರಿಯಳು ಸುಮನ್ ಮಾವಶಿ, ಅಂದರೆ ಸುಮನ್ ಚಿಕ್ಕಮ್ಮ, ಎಲ್ಲ ಹೆಂಗಸರಿಗೂ ಅವಳ ಮಾತೇ ಮಾತು. ಅವಳಿಗೆ ಓದಲು ಕಷ್ಟ, ಕನ್ನಡಕ ಬೇರೆ ಮಾಡಿಸಿಕೊಂಡಿರಲಿಲ್ಲ. ಅವಳ ಫೋನಿನ ಅಕ್ಷರಗಳನ್ನು ಅವಳ ಬೆರಳಿನಿಂದಲೇ ದೊಡ್ಡ ಮಾಡಿಸಿ, ಕ್ಯಾಮೆರಾವನ್ನು ಭೂತಗನ್ನಡಿಯಂತೆ ಬಳಸುವುದನ್ನು ಕಲಿಸಿದರು. ಅವಳು ಮೊದಲು ಓದಿದ್ದು ಔಷಧದ ಚೀಟಿಯನ್ನು. ಓದಿ ಅತ್ತಳು. ಅವತ್ತು ನನ್ನ ಕಣ್ಣಲ್ಲೂ ನೀರು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಊರಿಂದ ಬಂದ ನೆಂಟರಿಗೆ ಫೋನಿನಲ್ಲಿ ಒಂದು ಫೋಟೋ ತೋರಿಸಿದರೆ ಅವರು ಉಳಿದ ಇನ್ನೂರನ್ನೂ ಸರಸರ ಎಳೆದು ನೋಡುತ್ತಾರಲ್ಲ, ಅದಕ್ಕೂ ಇವರ ಬಳಿ ಮದ್ದಿತ್ತು. ಪರದೆಯನ್ನು ಅಲ್ಲೇ ಮೊಳೆ ಹೊಡೆದಂತೆ ನಿಲ್ಲಿಸುವುದು, ಗುಪ್ತ ಅಂಕಿ ಹಾಕದೆ ಆಚೆ ಹೋಗಲು ಆಗದಂತೆ. ನನ್ನ ನಾದಿನಿಯ ಮೇಲೆ ಅದನ್ನು ಪ್ರಯೋಗಿಸಿ ನಾನು ಪಟ್ಟ ಸುಖ ನನಗೇ ಗೊತ್ತು.

ಬಾಯಿಂದ ಹೇಳಿದರೆ ಫೋನೇ ಬರೆದುಕೊಳ್ಳುವುದನ್ನು ನನಗೆ ಕಲಿಸುವಾಗ ನಾನು ನಮ್ಮೂರ ಕನ್ನಡದಲ್ಲಿ ಹೇಳಿದೆ. ಅದು ಏನೇನೋ ಬರೆಯಿತು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಫೋನಿಗಿ ನಮ್ಮ ಮಾತ ತಿಳಿಯಂಗಿಲ್ಲ ತಂಗೀ. ಅದರ ಸಂಗಟ ಸಾಲಿ ಪುಸ್ತಕದಾಗಿನ ಮಾತ ಆಡಬೇಕು. ಅಂದ್ರ ಬರಾಬರ್ ತಿಳಕೋತದ." ಇದನ್ನೂ ನೆನಪಿಟ್ಟುಕೊಳ್ಳಿ.

ಇನ್ನೊಂದು ಪಾಠವೇ ಈ ಕಥೆಗೆಲ್ಲ ಮೂಲ. ಹೆಂಗಸರ ಕೈಗೆ ರಬ್ಬರ್ ಗವಸು. ಗವಸಿನ ಬೆರಳು ತಾಗಿ ಪರದೆಯ ಮೇಲೆ ಬಂದ ಸೂಚನೆಗಳು ಅತ್ತಿತ್ತ ಜಾರಿ ಹೋಗುತ್ತಿದ್ದವು. ಸಂಜೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬ ಮೆಸೇಜು ಮಾಯ, ಹೆಂಗಸರು ಹೈವೇ ಮೇಲೆ ಪರದಾಟ. ಆಗ ಇವರು ಎಲ್ಲರ ಫೋನಿನಲ್ಲೂ ಸೂಚನೆಗಳ ಇತಿಹಾಸ ಎಂಬುದನ್ನು ತೆರೆಸಿದರು. ಸೆಟ್ಟಿಂಗಿನ ಒಳಗೆ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ. ಒಮ್ಮೆ ತೆರೆದಿಟ್ಟರೆ ಸಾಕು, ಜಾರಿಹೋದ ಸೂಚನೆಗಳೆಲ್ಲ ಒಂದು ದಿನದ ಮಟ್ಟಿಗೆ ಅಲ್ಲಿ ಉಳಿದಿರುತ್ತವೆ. "ಒಂದೇ ದಿವಸ ಮತ್ತ. ಆಮ್ಯಾಲ ಹೋತು" ಎಂದಿದ್ದರು. ನನ್ನ ಫೋನಿನಲ್ಲೂ ತೆರೆದಿದ್ದೆ.

ಹಂಗಾಮಿನ ನಡುಮಧ್ಯದ ಒಂದು ಬೆಳಿಗ್ಗೆ ಏಳನೇ ತೋಟದ ದ್ರಾಕ್ಷಿ ಬಂತು. ಪ್ರತಿ ತೋಟಕ್ಕೂ ಒಂದು ನಂಬರು, ಆ ನಂಬರೇ ಡಬ್ಬಿಯ ಸ್ಟಿಕರಿನ ಮೇಲಿರಬೇಕು. ಪರದೇಶದಲ್ಲಿ ಒಂದು ಡಬ್ಬಿ ಕೆಟ್ಟರೆ ಯಾವ ತೋಟದ್ದೆಂದು ಹುಡುಕುವುದು ಅದರಿಂದಲೇ. ಅವತ್ತು ಸ್ಟಿಕರಿನ ಸುರುಳಿ ಮುಗಿದಿತ್ತು. ನಾಲ್ಕನೇ ತೋಟದ್ದು ಮುದ್ರಿಸಿದವು ರಾಶಿ ಉಳಿದಿದ್ದವು. ಗೇಟಿನಲ್ಲಿ ಕಂಟೇನರ್ ಹಾರ್ನ್ ಹೊಡೆಯುತ್ತಿತ್ತು. ಥಂಡಿ ಕೋಣೆಯ ಒಳಗಿದ್ದ ಅವರಿಂದ ನನ್ನ ಫೋನಿಗೆ ಮೆಸೇಜು ಬಂತು: "ಏಳನೇ ತೋಟದ ಡಬ್ಬಿಗಿ ಸದ್ಯ ನಾಕನೇ ತೋಟದ ಸ್ಟಿಕರ್ ಹಚ್ಚಸು. ಸಾಹೇಬರಿಗಿ ನಾ ಹೇಳ್ತೀನಿ."

ನನಗೆ ಮನಸ್ಸು ಒಪ್ಪಲಿಲ್ಲ. ಎದ್ದು ಹೋಗಿ ಥಂಡಿ ಕೋಣೆಯ ಗಾಜಿನ ಆಚೆ ನಿಂತು, ಫೋನ್ ತೋರಿಸಿ, ಹೌದೇನು ಎಂದು ಕೈ ಮಾಡಿದೆ. ಅವರು ಗಾಜಿನ ಒಳಗಿಂದ ಹೆಬ್ಬೆರಳು ಎತ್ತಿದರು. ಹಚ್ಚಿಸಿದೆ.

ಮಧ್ಯಾಹ್ನ ತಪಾಸಣೆಯವರು ಬಂದು ನಾಲ್ಕು ಡಬ್ಬಿ ಬಿಚ್ಚಿಸಿದರು. ಹಣ್ಣಿಗೂ ಕಾಗದಕ್ಕೂ ತಾಳೆಯಾಗಲಿಲ್ಲ. ಕಂಟೇನರ್ ನಿಂತಿತು, ಶೆಡ್ಡಿನ ಬಾಗಿಲಿಗೆ ಬೀಗ ಬೀಳುವ ಮಾತು ಬಂತು. ಸಾಹೇಬರು ಕೆಂಡವಾಗಿ ನನ್ನನ್ನು ಕರೆಸಿದರು. ಅಣ್ಣಾ ಅಲ್ಲೇ ನಿಂತಿದ್ದರು, ನೆಲ ನೋಡುತ್ತಾ. "ಅಣ್ಣಾ ಹೇಳಿದ್ದು, ಮೆಸೇಜ್ ಇದೆ" ಎಂದು ಫೋನ್ ತೆರೆದೆ. ಈ ಸಂದೇಶವನ್ನು ಅಳಿಸಲಾಗಿದೆ ಎಂದಿತ್ತು.

 ಅಣ್ಣಾನ ಮುಖ ನೋಡಿದೆ. ಅವರು ನನ್ನತ್ತ ನೋಡಲಿಲ್ಲ. ಆಗ ಹೊಳೆಯಿತು. ಸೆಟ್ಟಿಂಗಿಗೆ ಹೋದೆ, ಅವರೇ ಹೇಳಿಕೊಟ್ಟ ದಾರಿ, ಅವರೇ ಹೇಳಿಕೊಟ್ಟ ಮೂಲೆ. ಇತ್ತು! ಅಕ್ಷರ ಅಕ್ಷರವೂ ಇತ್ತು, ಅವರ ಹೆಸರಿನ ಕೆಳಗೆ. ಕಲಿಸಿದವರೇ ಮರೆತಿದ್ದರು. ನನಗೆ ಆ ಕ್ಷಣ ಆದ ಸಂತೋಷವನ್ನು ಏನೆಂದು ಹೇಳಲಿ, ಸಿಕ್ಕಿಬಿದ್ದೆ ಮಗನೇ ಎಂದೇ ಅಂದುಕೊಂಡೆ. ಸಾಹೇಬರ ಮುಂದೆ ಫೋನ್ ಹಿಡಿದೆ.

ಸಾಹೇಬರು ಕಣ್ಣು ಕಿರಿದು ಮಾಡಿದರು. "ಹೇ ಕಾಯ್ ಲಿಹಿಲಂಯ್? ಮಲಾ ವಾಚತಾ ಯೇತ್ ನಾಹಿ." ಏನು ಬರೆದಿದೆಯೋ ತನಗೆ ಓದಲು ಬರುವುದಿಲ್ಲ, ಅಂತ. ನಾನು ಮರಾಠಿಯಲ್ಲಿ ಓದಿ ಹೇಳಿದೆ. "ನಿನಗೆ ಬೇಕಾದ ಹಾಗೆ ಓದುತ್ತೀ, ನನಗೇನು ಗೊತ್ತಾಗಬೇಕು?" ಎಂದವರು ತಿರುಗಿ, "ಅಣ್ಣಾ, ತುಮ್ಹಿ ವಾಚಾ" ಎಂದರು. ನೀವೇ ಓದಿ.

ಅಯ್ಯೋ ಶಿವನೇ, ಬರೆದವರ ಕೈಯಲ್ಲೇ ಓದಿಸಿದರು!

ಅವರು ಮುಂದೆ ಬಂದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡರು, ಬಗ್ಗಿದರು, ಕನ್ನಡಕದ ಮೇಲಿನಿಂದ ನೋಡಿದರು. ಆಮೇಲೆ ನಾಲಿಗೆ ಒಂದಿಷ್ಟೂ ತೊದಲದೆ ಮರಾಠಿಯಲ್ಲಿ ಓದಿದರು: "ಏಳನೇ ತೋಟದ ಡಬ್ಬಿಗೆ ನನ್ನನ್ನು ಕೇಳದೆ ಯಾವ ಸ್ಟಿಕರೂ ಹಚ್ಚಬೇಡ. ನಿನಗೆ ಎಷ್ಟು ಸಲ ಹೇಳಬೇಕು?"

"ಹಾಗಿದ್ದರೆ ಅಳಿಸಿದ್ದೇಕೆ?" ಎಂದರು ಸಾಹೇಬರು.

"ಬರೆದ ಮೇಲೆ ಮಾತು ಬಿರುಸಾಯಿತು ಅನಿಸಿತು ಸಾಹೇಬ್. ಹೆಣ್ಣುಮಗಳು, ಮನಸ್ಸಿಗೆ ಹಚ್ಚಿಕೊಂಡಾಳು."

ಸಾಹೇಬರು ಅವರ ಹೆಗಲು ತಟ್ಟಿದರು. ನಾನು ಕನ್ನಡದಲ್ಲಿ ಕೂಗಿದೆ: "ಅಣ್ಣಾ, ಶಿವನ ಮುಂದ ಹೇಳ್ರಿ, ಹಿಂಗ ಬರದೀರೇನು ನೀವು?" ಅವರು ಥಂಡಿ ಕೋಣೆಯತ್ತ ನಡೆದರು. ಕನ್ನಡದಲ್ಲಿ ಕೂಗಿದ್ದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂಗಿದ ಹಾಗೆ, ಹೊರಗೆ ಯಾರಿಗೂ ತಿಳಿಯಲಿಲ್ಲ. ಅಳುತ್ತಾ ಮನೆಗೆ ಹೋದೆ. ಆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು ಎಂಬ ಬುದ್ಧಿ ಬಂದದ್ದು ಮರುದಿನ ಮಧ್ಯಾಹ್ನ. ತೆರೆದರೆ ಅಲ್ಲೇನೂ ಇರಲಿಲ್ಲ. ಒಂದೇ ದಿವಸ ಎಂದು ಅವರು ಮೊದಲೇ ಹೇಳಿದ್ದರಲ್ಲ.

ಶೆಡ್ ಹನ್ನೊಂದು ದಿನ ಮುಚ್ಚಿತು. ಹಂಗಾಮಿನ ಹನ್ನೊಂದು ದಿನ ನಲವತ್ತು ಹೆಂಗಸರು ಕೈ ಕಟ್ಟಿ ಮನೆಯಲ್ಲಿ ಕುಳಿತರು, ಅದೂ ನನ್ನಿಂದಾಗಿ. ಶೆಡ್ ತೆರೆದಾಗ ನನ್ನನ್ನು ಮಷೀನಿನಿಂದ ಎಬ್ಬಿಸಿ ಅದೇ ಹೆಂಗಸರ ಮೇಜಿಗೆ ಕತ್ತರಿ ಕೊಟ್ಟು ನಿಲ್ಲಿಸಿದರು. ಬೇರೆ ಕೆಲಸ ಹುಡುಕಬಹುದಿತ್ತು. ಬಿಟ್ಟು ಹೋದರೆ ತಪ್ಪು ಒಪ್ಪಿಕೊಂಡಂತೆ ಎಂದು ಹಟಕ್ಕೆ ಬಿದ್ದು ನಿಂತೆ. ಸುಮನ್ ಮಾವಶಿ ತನ್ನ ಕ್ರೇಟನ್ನು ನನ್ನ ಪಕ್ಕದಿಂದ ಎಳೆದುಕೊಂಡು ಹೋದಳು. "ನಮ್ಮ ಹನ್ನೊಂದು ದಿವಸ ತಿಂದವಳು" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಚಹದ ಹೊತ್ತಿಗೆ ಅವರೆಲ್ಲ ಒಂದು ಕಡೆ, ನಾನು ಒಂದು ಕಡೆ. ನನಗೆ ಬೇಕಿದ್ದದ್ದು ಒಂದೇ ಒಂದು. ಆ ನಲವತ್ತು ಹೆಂಗಸರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ, ತಪ್ಪು ನನ್ನದು ಎಂದು ಆ ಮನುಷ್ಯ ಹೇಳಬೇಕು.

ಅವರೋ, ಏನೂ ಆಗಿಲ್ಲವೆಂಬಂತೆ, "ತಂಗೀ, ಚಾ ಕುಡದ್ಯಾ?" ಎನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ನಾನು ಅವರಿಗೆ ಕನ್ನಡದಲ್ಲಿ ಉತ್ತರ ಕೊಡುವುದನ್ನೇ ನಿಲ್ಲಿಸಿದೆ. ಏನೇ ಕೇಳಲಿ, ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ. ಮೊದಲ ದಿನ ಅವರ ಮುಖ ಸಣ್ಣದಾಯಿತು. ನನಗೆ ಸಿಕ್ಕ ಮೊದಲ ತುತ್ತು ಅದು. ಒಮ್ಮೆ ಮಾತ್ರ ವ್ರತ ಮುರಿದು, ಯಾರೂ ಇಲ್ಲದಾಗ ಎದುರು ನಿಂತು ಕೇಳಿದೆ.

"ಅಣ್ಣಾ, ನಿಮ್ಮ ಬಾಯಿಲೆ ಒಂದು ಮಾತ ಹೇಳ್ರಿ. ಹೆಂಗಸರ ಮುಂದ. ಸಾಹೇಬರ ಮುಂದ ಬ್ಯಾಡ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಈ ಹಂಗಾಮ ಒಂದು ದಾಟ್ಲಿ ತಂಗೀ. ಹೇಳ್ತೀನಿ."

"ಯಾಕ ಈಗ ಆಗಂಗಿಲ್ಲ?"

"ಅಂಜಿಕಿ ಬರ್ತದ" ಎಂದರು. ಅಷ್ಟೇ. ಹಂಗಾಮ ದಾಟಿತು. ಮುಂದಿನದೂ ದಾಟಿತು. ಹೇಳಲಿಲ್ಲ.

ನಾನು ಸುಮ್ಮನಿರುವ ಹೆಣ್ಣಲ್ಲ. ಅವರ ಫೋನ್ ಮೇಜಿನ ಮೇಲೆ ಬಿಟ್ಟುಹೋದಾಗ ದನಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದೆ. ಕಣ್ಣು ಕಾಣದವರಿಗಾಗಿ ಪರದೆಯನ್ನೆಲ್ಲ ಗಟ್ಟಿಯಾಗಿ ಓದುವ ಏರ್ಪಾಡದು. ಒಂದು ಬಾರಿ ಮುಟ್ಟಿದರೆ ಓದುತ್ತದೆ, ಎರಡು ಬಾರಿ ಮುಟ್ಟದೆ ಏನೂ ತೆರೆಯುವುದಿಲ್ಲ. ಗೊತ್ತಿಲ್ಲದವರು ಹುಚ್ಚರಾಗುತ್ತಾರೆ. ಸಾಹೇಬರ ಮುಂದೆ ಅವರ ಜೇಬು ಮಾತಾಡತೊಡಗಿತು. ನಾನು ಕತ್ತರಿ ಹಿಡಿದು ಕಾದು ನಿಂತೆ. ಒಂದು ನಿಮಿಷವೂ ಬೇಕಾಗಲಿಲ್ಲ, ಸರಿಮಾಡಿ ನನ್ನತ್ತ ತಿರುಗಿ, "ಚೊಲೊ ಕಲ್ತೀ ತಂಗೀ" ಎಂದರು. ಮೆಚ್ಚಿಕೊಂಡೇ ಹೇಳಿದರು. ಥೂ, ಸೇಡನ್ನೂ ನೆಟ್ಟಗೆ ತೀರಿಸಿಕೊಳ್ಳಲು ಬಿಡದ ಮನುಷ್ಯ!

ಅಂದಿನಿಂದ ನಾನೂ ಸೆಟ್ಟಿಂಗುಗಳ ಒಳಗೆ ಇಳಿದೆ. ಬಸ್ಸಿನಲ್ಲಿ ನಾಸಿಕ್‌ನಿಂದ ಪಿಂಪಳಗಾಂವ್‌ವರೆಗೆ ಅದೇ ಕೆಲಸ. ಒಂದು ದಿನ ಕ್ಯಾಮೆರಾ ಹಿಡಿದರೆ ಬರಹವನ್ನು ಬೇರೆ ಭಾಷೆಗೆ ತಿರುಗಿಸಿ ಪರದೆಯ ಮೇಲೇ ತೋರಿಸುವುದು ಕೈಗೆ ಸಿಕ್ಕಿತು. ಮುಂದಿನ ಸೀಟಿನ ಬೆನ್ನ ಮೇಲೆ ಅಂಟಿಸಿದ್ದ ಮರಾಠಿ ಜಾಹೀರಾತು ಕನ್ನಡವಾಗಿ ನಿಂತಿತು. ನಾನು ತಲೆ ಚಚ್ಚಿಕೊಂಡೆ. ಅವತ್ತು ಇದೊಂದು ಗೊತ್ತಿದ್ದರೆ ಸಾಹೇಬರೇ ಕಣ್ಣಾರೆ ಓದಿಕೊಳ್ಳುತ್ತಿದ್ದರು. ಅವರು ನನಗೆ ಅಷ್ಟೆಲ್ಲ ಕಲಿಸಿದರು, ಇದೊಂದನ್ನು ಕಲಿಸಿರಲಿಲ್ಲ.

ಅವರು ನಿವೃತ್ತರಾದ ದಿನ ಶೆಡ್ಡಿನಲ್ಲೇ ಶಾಲು, ತೆಂಗಿನಕಾಯಿ. ಅವರ ಕಡೆಯವಳೆಂದು ಆರತಿ ತಟ್ಟೆಯನ್ನು ನನ್ನ ಕೈಗೇ ಕೊಟ್ಟರು. ಹಿಡಿದೆ. ಅವರು ಮಾತಾಡಲು ಎದ್ದಾಗ ಕಾದು ನಿಂತೆ, ಈಗ ಹೇಳುತ್ತಾರೆ, ಈಗಲಾದರೂ ಹೇಳುತ್ತಾರೆ ಎಂದು. ಅವರು ಗಂಟಲು ಸರಿಮಾಡಿಕೊಂಡರು. ನನ್ನನ್ನು ನೋಡಿದರು. ಆಮೇಲೆ ಎಲ್ಲರಿಗೂ ಫೋನ್ ತೆಗೆಯಲು ಹೇಳಿ ಕೊನೆಯ ಪಾಠ ಮಾಡಿದರು! ಬೀಗ ಹಾಕಿದ ಫೋನಿನಲ್ಲೂ ಬೇರೆಯವರು ತೆರೆದು ನೋಡಬಹುದಾದ ಒಂದು ಜಾಗ ಇರುತ್ತದೆ, ದಾರಿಯಲ್ಲಿ ಬಿದ್ದರೆ ಯಾರಿಗೆ ಕರೆ ಮಾಡಬೇಕೆಂದು ಅಲ್ಲಿ ಬರೆದಿಡಿ, ಅಂತ. ನಲವತ್ತು ಹೆಂಗಸರೂ ಬರೆದರು. ಸುಮನ್ ಮಾವಶಿ ಕೇಳಿದಳು, "ಅಣ್ಣಾ, ನೀವು ಯಾರ ನಂಬರ್ ಹಾಕಿದಿರಿ?"

"ಯಾರು ಫೋನ್ ಎತ್ತದೆ ಬಿಡುವುದಿಲ್ಲವೋ ಅವರದು" ಎಂದು ನಕ್ಕರು.

ತಟ್ಟೆ ಅವರ ತಲೆಗೆ ಎಸೆಯಲಿಲ್ಲವಲ್ಲ ಎಂದು ಇವತ್ತಿಗೂ ನನಗೆ ಆಶ್ಚರ್ಯ.

ಅವರು ಸಂಭಾಜಿನಗರಕ್ಕೆ ಹೋಗಿ ನೆಲೆಸಿದರು. ನಾನು ಅವರ ಹೆಸರನ್ನು ಫೋನಿನಿಂದ ಅಳಿಸಿದೆ. ನಂಬರನ್ನು ತಡೆಹಿಡಿಯಲಿಲ್ಲ. ಅದಕ್ಕೂ ಕಾರಣ ಇತ್ತು. ಎಂದಾದರೂ ಮನಸ್ಸು ಕರಗಿ ಕ್ಷಮೆ ಕೇಳಲು ಕರೆ ಮಾಡಿದರೆ, ಅದು ರಿಂಗಾಗುವುದನ್ನು ನೋಡುತ್ತಾ ಕೂರಬೇಕು, ಎತ್ತಬಾರದು ಎಂಬುದು ನನ್ನ ಆಸೆಯಾಗಿತ್ತು.

ಈ ವರ್ಷ ಒಂದು ಬೆಳಿಗ್ಗೆ ಆ ನಂಬರಿನಿಂದ ಕರೆ ಬಂತು. ಹೆಸರಿಲ್ಲದಿದ್ದರೂ ಹತ್ತು ಅಂಕಿ ಬಾಯಿಪಾಠ. ಮೇಜಿನ ಮೇಲಿಟ್ಟು ನೋಡುತ್ತಾ ಕುಳಿತೆ. ಎಷ್ಟು ಹಿತವಾಗಿತ್ತು! ನಿಂತಿತು. ಮತ್ತೆ ಬಂತು. ಎರಡನೆಯ ಸಲ ಕೈ ತಾನಾಗಿ ಎತ್ತಿಬಿಟ್ಟಿತು.

ಯಾರೋ ಹುಡುಗಿ, ಮರಾಠಿಯಲ್ಲಿ. ಸಂಭಾಜಿನಗರದ ಬಸ್ ನಿಲ್ದಾಣದ ಹತ್ತಿರ ಒಬ್ಬ ಅಜ್ಜ ಕುಸಿದು ಬಿದ್ದಿದ್ದಾರೆ, ಆಸ್ಪತ್ರೆಗೆ ಸಾಗಿಸಿದ್ದೇವೆ, ಫೋನಿನ ಬೀಗದ ಪರದೆಯಲ್ಲಿ ಎರಡು ನಂಬರು ಇವೆ, ಮೊದಲನೆಯದು ನಿಮ್ಮದು ಎಂದಳು. "ಹೆಸರು ನನಗೆ ಓದಲು ಬರಲಿಲ್ಲ. ತೆಲುಗು ಇರಬೇಕು. ನೀವು ಅವರಿಗೆ ಯಾರು?"

"ಯಾರೂ ಅಲ್ಲ" ಎಂದೆ.

ಎರಡನೆಯ ನಂಬರು ಅವರ ಹೆಂಡತಿಯದು. ಆಕೆ ಮದುವೆಗೆಂದು ಭಾಲ್ಕಿಗೆ ಹೋಗಿದ್ದರು. ಹುಡುಗಿ ಕೊಟ್ಟ ನಂಬರಿಗೆ ಕರೆ ಮಾಡಿದರೆ ಆಕೆ ಬಸ್ಸು ಹತ್ತುತ್ತಾ ಅಳುತ್ತಿದ್ದರು. "ನಾ ಮುಟ್ಟೂದು ಸಂಜಿ ಆಗ್ತದವ್ವಾ. ನೀವ ಹತ್ರ ಅದೀರಿ, ನಿಮ್ಮ ಕಾಲ ಬೀಳ್ತೀನಿ, ಹೋಗ್ರಿ."

ಹೋದೆ. ಕರುಣೆಯಿಂದ ಹೋದೆ ಎಂದು ಯಾರಾದರೂ ತಿಳಿದರೆ ತಪ್ಪು. ಯೇವಲೆ ದಾಟಿ ಬಸ್ಸು ಓಡುತ್ತಿದ್ದಾಗ ನಾನು ಒಂದೇ ಬೇಡಿಕೊಳ್ಳುತ್ತಿದ್ದೆ, ನಾನು ಮುಟ್ಟುವ ತನಕ ಅವರ ಬಾಯಲ್ಲಿ ಮಾತಿರಲಿ. ಕಣ್ಣು ತೆರೆದರೆ ಸಾಕು, ಫೋನಿನಲ್ಲಿ ದನಿ ಮುದ್ರಿಸುವುದನ್ನು ಒತ್ತಿ ಅವರ ತುಟಿಯ ಹತ್ತಿರ ಹಿಡಿಯುವುದು. ಮರಾಠಿಯಲ್ಲಿ ಹೇಳಿ ಎನ್ನುವುದು. ಸಾಯುವವರ ಹತ್ತಿರ ಯಾರಾದರೂ ಹೀಗೆ ಮಾಡುತ್ತಾರೆ ಏನು? ನಾನು ಮಾಡುವವಳಿದ್ದೆ.

ಆಸ್ಪತ್ರೆ ಮುಟ್ಟಿದಾಗ ಅವರು ತೀರಿಕೊಂಡು ಒಂದು ಗಂಟೆಯಾಗಿತ್ತು.

ಬಿಳಿ ಬಟ್ಟೆ ಸರಿಸಿ ತೋರಿಸಿದರು. ಹೌದು ಇವರೇ ಎಂದೆ. ನನ್ನ ಕಣ್ಣಿನಿಂದ ನೀರು ಬರಲಿಲ್ಲ, ಸಿಟ್ಟು ಬಂತು. ಹೇಳದೆ ಹೋದೆಯಲ್ಲ, ಹೋಗುವಾಗಲೂ ತಪ್ಪಿಸಿಕೊಂಡೆಯಲ್ಲ ಎಂದು ಸತ್ತವರ ಮುಂದೆ ನಿಂತು ಮನಸ್ಸಿನಲ್ಲೇ ಬೈದೆ. ಎರಡು ವರ್ಷದ ಮೇಲೆ ಬಾಯಿಬಿಟ್ಟು ಅವರಿಗೆ ಆಡಿದ ಕನ್ನಡ "ಅಣ್ಣಾ" ಒಂದೇ.

ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಅವರ ಕನ್ನಡಕ, ಕೀಲಿಕೈ, ಫೋನ್ ಹಾಕಿ ಕೊಟ್ಟರು. ಬೆಂಚಿನ ಮೇಲೆ ಕುಳಿತು, ಬೀಗ ಹಾಕಿದ ಆ ಫೋನಿನ ಪರದೆ ಮೇಲಕ್ಕೆ ಎಳೆದು, ಅವರು ಕೊನೆಯ ಪಾಠದಲ್ಲಿ ಹೇಳಿದ ಜಾಗ ತೆರೆದೆ. ನನ್ನ ನಂಬರು. ಅದರ ಮೇಲೆ ನನ್ನನ್ನು ಅವರು ಬರೆದಿಟ್ಟುಕೊಂಡ ಹೆಸರು. ಕನ್ನಡ ಅಕ್ಷರ.

"ಮಹಾನಂದಾ. ಸ್ಟಿಕರಿನ ತಪ್ಪು ನನ್ನದು, ಇವಳದಲ್ಲ."

ಎರಡು ಸಲ ಓದಿದೆ.  ಎಲ್ಲಿ ಬರೆದಿದ್ದಾರೆ ನೋಡಿ! ತಾನು ನೆಲಕ್ಕೆ ಬಿದ್ದ ಮೇಲಷ್ಟೇ ತೆರೆಯುವ ಜಾಗದಲ್ಲಿ. ಆ ಊರಿನಲ್ಲಿ ಯಾರೂ ಓದಲಾರದ ಅಕ್ಷರದಲ್ಲಿ. ನಾನು ಕೇಳಿದ್ದು ನಲವತ್ತು ಹೆಂಗಸರ ಮುಂದೆ, ಅವರು ಹೇಳಿದ್ದು ಮತ್ತದೇ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಹೇಡಿ. ತಿಂಗಳ ಮೊದಲ ದಿನ ತಪ್ಪದೆ ಸೆಟ್ಟಿಂಗು ತೆರೆದು ನೋಡುವ ಮನುಷ್ಯ, ಪ್ರತಿ ತಿಂಗಳೂ ಈ ಸಾಲನ್ನು ಓದಿ, ಹಾಗೇ ಇರಲಿ ಎಂದು ಬಿಟ್ಟು ಮುಚ್ಚಿದ್ದಾರೆ. ಮರೆತು ಉಳಿದದ್ದಲ್ಲ ಅದು. ನನ್ನ ಫೋನಿನಿಂದ ಆ ಪರದೆಯ ಫೋಟೋ ತೆಗೆದೆ. ಎರಡು, ಮೂರು, ನಾಲ್ಕು ತೆಗೆದೆ. ಈ ಸಲ ಮರುದಿನಕ್ಕೆ ಬಿಡಲಿಲ್ಲ.

ಸಂಜೆ ಹೆಂಡತಿ ಬಂದರು. ನನ್ನ ಕೈ ಹಿಡಿದು, "ನೀವ ನಾಸಿಕ್ ತಂಗಿ ಅಲ್ಲ? ಭಾಳ ನೆನಸ್ತಿದ್ರ ನಿಮಗ" ಎಂದರು. ಚೀಲ ಅವರ ಕೈಗೆ ಕೊಟ್ಟು, ಅವರು ಅಳುವಷ್ಟು ಹೊತ್ತು ಕುಳಿತು, ಬಂದೆ.

ವಾರದ ಮೇಲೆ ಶೆಡ್ಡಿನಲ್ಲಿ ಶೋಕಸಭೆ. ಮೇಜಿನ ಮೇಲೆ ಹಾರ ಹಾಕಿದ ಫೋಟೋ, ಸುತ್ತ ಕ್ರೇಟುಗಳ ಮೇಲೆ ಕುಳಿತ ನಲವತ್ತು ಹೆಂಗಸರು. ಸಾಹೇಬರು ಹೊಗಳಿದರು, ಹೆಂಗಸರು ಕಣ್ಣೊರೆಸಿಕೊಂಡರು. "ಅಣ್ಣಾ ಕಡೆಯವಳು ನೀನು, ಎರಡು ಮಾತಾಡು" ಎಂದರು ನನಗೆ.

ಎದ್ದೆ. ಮಾತಾಡಲಿಲ್ಲ. ಹಿಂದೆ ನಾನು ಓದಿದ್ದನ್ನು ಯಾರೂ ನಂಬಿರಲಿಲ್ಲ. ಫೋಟೋ ತೆರೆದು ನನ್ನ ಫೋನನ್ನು ಹಾರದ ಮುಂದೆ ಇಟ್ಟೆ. "ಮಾವಶಿ, ನಿಮ್ಮ ಫೋನ್ ತೆಗೆದುಕೊಂಡು ಬನ್ನಿ" ಎಂದೆ. ಸುಮನ್ ಮಾವಶಿ ಅನುಮಾನದಿಂದಲೇ ಬಂದಳು. ಎಲ್ಲಿ ಒತ್ತಬೇಕು ಹೇಳಿದೆ, ಒತ್ತಿದಳು. ಕ್ಯಾಮೆರಾ ತೆರೆಯಿತು. ಯಾವ ಭಾಷೆ ಆರಿಸಬೇಕು ಹೇಳಿದೆ, ಆರಿಸಿದಳು. "ಈಗ ಇದರ ಮೇಲೆ ಹಿಡಿಯಿರಿ. ಕೈ ಅಲುಗಿಸಬೇಡಿ." ಪರದೆಯ ಮೇಲೆ ಕನ್ನಡ ಅಕ್ಷರಗಳು ಒಮ್ಮೆ ನಡುಗಿ ಮರಾಠಿಯಾಗಿ ನಿಂತವು. ಅವಳು ಅಕ್ಷರಕ್ಕೊಂದು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. ಮಹಾನಂದಾ. ಸ್ಟಿಕರಿನ ತಪ್ಪು ನನ್ನದು. ಇವಳದಲ್ಲ.

ಒಂದು ಅಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ಆಗ ನನಗೆ ಹೊಳೆಯಿತು. ಹುಟ್ಟಿದಾಗಿನಿಂದ ನಂದು, ಆಕಿದಲ್ಲ ಎಂದೇ ಆಡಿದ, ನನಗೆ ಬರೆದ ಒಂದೊಂದು ಮೆಸೇಜನ್ನೂ ಹಾಗೆಯೇ ಬರೆದ ಮನುಷ್ಯ, ಈ ಒಂದು ಸಾಲನ್ನು ಮಾತ್ರ ಶಾಲೆಯ ಪುಸ್ತಕದ ಕನ್ನಡದಲ್ಲಿ ಬರೆದಿದ್ದರು. ನನಗಾಗಿ ಬರೆದದ್ದಲ್ಲ ಅದು. ಫೋನಿಗೆ ತಿಳಿಯಲಿ ಎಂದು ಬರೆದದ್ದು. ನಾನು ಏನು ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು.

ಸಾಹೇಬರು ತಲೆ ತಗ್ಗಿಸಿ ನಿಂತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಫೋನ್ ಹಿಡಿದು ಬಂದರು, ನೋಡಿದರು. ಸುಮನ್ ಮಾವಶಿ ಹಾರ ಹಾಕಿದ ಫೋಟೋದ ಕಡೆ ತಿರುಗಿ, "ಹನ್ನೊಂದು ದಿವಸ, ಅಣ್ಣಾ" ಎಂದಳು. ಆಮೇಲೆ ತನ್ನ ಕ್ರೇಟನ್ನು ಎಳೆದು ತಂದು ನನ್ನ ಪಕ್ಕದಲ್ಲಿ ಇಟ್ಟಳು. ನನಗೆ ಸಿಹಿಯಾಯಿತು. ಎರಡು ವರ್ಷ ಕಾದ ಸಿಹಿ, ನಾಚಿಕೆಯಿಲ್ಲದೆ ಸವಿದೆ.

ಕೊನೆಯಲ್ಲಿ ಒಬ್ಬ ಎಳೆಯ ಹೆಣ್ಣುಮಗಳಿಗೆ ಕ್ಯಾಮೆರಾ ತೆರೆಯಲು ಬರಲಿಲ್ಲ. "ಅಕ್ಕಾ, ನೀವೇ ಮಾಡಿಕೊಡಿ" ಎಂದು ಫೋನನ್ನು ನನ್ನ ಮುಂದೆ ಚಾಚಿದಳು. "ನೀನೇ ಒತ್ತು" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ನಾನು ಬಗ್ಗಿ ನಿಂತಿದ್ದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಬಿಡಿಸಿಕೊಳ್ಳಲು ನೋಡಿದೆ. ಆ ಹುಡುಗಿ ಓದಿ ಮುಗಿಸುವ ತನಕ ಅವು ಬಿಡಲಿಲ್ಲ.